ಹೂ ಬಿಟ್ಟಿದೆ, ಕಾಯಿ ಕಚ್ಚುತ್ತಿಲ್ಲವೇ? ಮೊದಲು ದಳ ಬಿಡಿಸಿ ನೋಡಿ

"ಬಳ್ಳಿ ತುಂಬ ಹೂ ಇದೆ, ಕಾಯಿ ಮಾತ್ರ ಕಚ್ಚುತ್ತಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಕುಂಡದ ಸುತ್ತ ಹೂ ಉದುರಿ ಬಿದ್ದಿರುತ್ತೆ. ಏನು ಹೊಡೆಯಲಿ?"

ಮಹಡಿಯ ಮೇಲೆ ಅವರೆ, ಅಲಸಂದೆ, ಬೀನ್ಸ್ ಹಾಕಿಕೊಂಡವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಇದೇ. ಹೂ ಉದುರಿತು ಎಂದರೆ ಏನನ್ನಾದರೂ ಹೊಡೆಯಲೇಬೇಕು ಎಂಬುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನಾನೂ ಮೊದಲ ವರ್ಷ ಅಂಗಡಿಯಲ್ಲಿ ಕೊಟ್ಟ ಯಾವುದೋ ಟಾನಿಕ್ ತಂದು, ಬೆಳಗ್ಗೆ ಹತ್ತು ಗಂಟೆಗೆ, ಅರಳಿದ ಹೂವಿನ ಮೇಲೆಯೇ ಸಿಂಪಡಿಸಿದ್ದೆ. ಕಾಯಿ ಹೆಚ್ಚಲಿಲ್ಲ. ದಿನವೂ ಬರುತ್ತಿದ್ದ ಕಪ್ಪು ದುಂಬಿ ಒಂದು ವಾರ ಆ ಕಡೆ ಸುಳಿಯಲಿಲ್ಲ.

ಅವರೆ, ತೊಗರಿ, ಅಲಸಂದೆ, ಕಡಲೆ, ಬಟಾಣಿ, ಶೇಂಗಾ, ಸೆಣಬು ಇವೆಲ್ಲದರ ಹೂವು ಒಂದೇ ಅಚ್ಚಿನಲ್ಲಿ ಎರೆದದ್ದು. ಐದು ದಳ, ಮೂರು ಬಗೆಯ ಕೆಲಸ. ಆ ದಳಗಳು ಹೇಗೆ ಕೂಡಿಕೊಂಡಿವೆ ಎಂಬುದು ತಿಳಿದರೆ, ನಿಮ್ಮ ಗಿಡಕ್ಕೆ ದುಂಬಿ ಬೇಕೋ ಬೇಡವೋ, ನಿಮ್ಮ ಬೆರಳಿನ ಸಹಾಯ ಬೇಕೋ, ಅಥವಾ ತೊಂದರೆ ಹೂವಿನಲ್ಲಿಲ್ಲದೆ ನೀರಿನಲ್ಲೋ ಬಿಸಿಲಿನಲ್ಲೋ ಇದೆಯೋ ಎಂಬುದನ್ನು ಐದು ನಿಮಿಷದಲ್ಲಿ ಪತ್ತೆ ಮಾಡಬಹುದು. ಬೇಕಾದದ್ದು ಒಂದು ಅರಳಿದ ಹೂ, ಒಂದು ಗುಂಡುಸೂಜಿ, ಸಾಧ್ಯವಾದರೆ ಮಕ್ಕಳ ಭೂತಗನ್ನಡಿ.

ಐದು ದಳ, ಮೂರು ಕೆಲಸ

ಸಸ್ಯಶಾಸ್ತ್ರಜ್ಞರು ಈ ಹೂಗಳನ್ನು ಚಿಟ್ಟೆಗೆ ಹೋಲಿಸಿ, ಲ್ಯಾಟಿನ್ನಿನ 'ಪ್ಯಾಪಿಲಿಯೋ' ಎಂಬ ಪದದಿಂದ ಇಡೀ ಗುಂಪಿಗೆ ಹೆಸರಿಟ್ಟರು. ದ್ವಿದಳ ಧಾನ್ಯಗಳ ಕುಟುಂಬದಲ್ಲಿ ಸುಮಾರು 19,500 ಜಾತಿಯ ಸಸ್ಯಗಳಿವೆ. 2017ರ ವರ್ಗೀಕರಣ ಅವನ್ನು ಆರು ಉಪಕುಟುಂಬಗಳಾಗಿ ವಿಂಗಡಿಸಿತು. ನಮ್ಮ ಬೇಳೆಕಾಳುಗಳೆಲ್ಲ ಇರುವುದು ಚಿಟ್ಟೆ ಹೂವಿನ ಗುಂಪಿನಲ್ಲೇ. ಇತಿಹಾಸ ಇಷ್ಟು ಸಾಕು, ಹೂವಿಗೆ ಬರೋಣ.

ಒಂದು ಅವರೆ ಹೂ ಕಿತ್ತು ಅಂಗೈ ಮೇಲಿಟ್ಟುಕೊಳ್ಳಿ. ಹಿಂದೆ ಎದ್ದು ನಿಂತಿರುವ ಅಗಲವಾದ ದಳ ಧ್ವಜ. ಮೊಗ್ಗಾಗಿದ್ದಾಗ ಇದು ಉಳಿದ ನಾಲ್ಕನ್ನೂ ಹೊರಗಿನಿಂದ ಹೊದ್ದುಕೊಂಡಿರುತ್ತದೆ, ಅರಳಿದ ಮೇಲೆ ಬೋರ್ಡಿನಂತೆ ನಿಂತು ದೂರದ ಜೇನನ್ನು ಕರೆಯುತ್ತದೆ. ತೊಗರಿ ಧ್ವಜದ ಬೆನ್ನಿನ ಕೆಂಪು ಗೀರುಗಳನ್ನು ನೀವು ನೋಡಿರುತ್ತೀರಿ. ಧ್ವಜದ ಮೇಲಿನ ಗೀರು, ಚುಕ್ಕೆ, ಬುಡದ ಮಚ್ಚೆಗಳು ಎಷ್ಟೋ ಹೂಗಳಲ್ಲಿ ಮಕರಂದದ ದಾರಿ ತೋರಿಸುವ ಗುರುತುಗಳು. ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬಣ್ಣವನ್ನು ಜೇನು ಕಾಣುವುದರಿಂದ, ನಮಗೆ ಬರೀ ಹಳದಿ ಎನಿಸುವ ದಳದಲ್ಲಿ ಅದಕ್ಕೆ ಇನ್ನಷ್ಟು ಬರಹ ಕಾಣುತ್ತದೆ.

ಧ್ವಜದ ಮುಂದೆ, ಎಡಬಲಕ್ಕೆ ಇರುವ ಜೋಡಿ ದಳಗಳು ರೆಕ್ಕೆಗಳು. ಜೇನು ಬಂದು ಕೂರುವುದು ಇವುಗಳ ಮೇಲೆ. ಭೂತಗನ್ನಡಿಯಲ್ಲಿ ನೋಡಿದರೆ ಎಷ್ಟೋ ಜಾತಿಗಳ ರೆಕ್ಕೆಯ ಹೊರಮೈಯಲ್ಲಿ ಸಣ್ಣ ಸಣ್ಣ ಮಡಿಕೆಗಳು ಕಾಣುತ್ತವೆ. ಜೇನಿನ ಕಾಲು ಜಾರದಂತೆ ಹಿಡಿತ ಕೊಡುವುದು ಅವೇ. ಇನ್ನೊಂದು ಮುಖ್ಯ ಸಂಗತಿ, ರೆಕ್ಕೆಗಳು ತಮ್ಮಷ್ಟಕ್ಕೆ ತಾವು ನಿಂತಿಲ್ಲ. ಬುಡದ ಹತ್ತಿರ ಒಂದು ಗುಬ್ಬಿ, ಒಂದು ಗುಳಿ ಇದ್ದು, ಒಳಗಿನ ದಳಕ್ಕೆ ಅಂಗಿಯ ಪ್ರೆಸ್ ಗುಂಡಿಯಂತೆ ಸಿಕ್ಕಿಕೊಂಡಿರುತ್ತವೆ. ರೆಕ್ಕೆ ಕೆಳಗಿಳಿದರೆ ಒಳದಳವೂ ಕೆಳಗಿಳಿಯಲೇಬೇಕು.

ಆ ಒಳದಳವೇ ದೋಣಿ. ನಿಜಕ್ಕೂ ಅದು ಎರಡು ದಳ, ಸಾಮಾನ್ಯವಾಗಿ ಕೆಳ ಅಂಚಿನಲ್ಲಿ ಬೆಸೆದುಕೊಂಡು ದೋಣಿಯಾಗಿವೆ. ಹತ್ತು ಕೇಸರಗಳು, ನಡುವೆ ಎಳೆಯ ಕಾಯಿ, ಅದರ ತುದಿಗೆ ಪರಾಗ ಹಿಡಿಯುವ ಶಲಾಕಾಗ್ರ, ಎಲ್ಲವೂ ಈ ದೋಣಿಯೊಳಗೆ ಬೆಚ್ಚಗೆ ಅಡಗಿವೆ. ಮಳೆ, ಬಿಸಿಲು, ಪರಾಗ ತಿನ್ನುವ ಹುಳುಗಳಿಂದ ಅವಕ್ಕೆ ರಕ್ಷಣೆ. ಅವರೆಯಲ್ಲಿ ದೋಣಿಯ ಮೂತಿ ಕುಡುಗೋಲಿನಂತೆ ಒಮ್ಮೆಲೇ ಮೇಲಕ್ಕೆ ತಿರುಗಿರುತ್ತದೆ. ಬೀನ್ಸಿನಲ್ಲಿ (ನಮ್ಮ ಕಡೆಯ ಹುರುಳಿಕಾಯಿ) ಅದು ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿರುತ್ತದೆ. ಎರಡೂ ಬಳ್ಳಿ ಪಕ್ಕಪಕ್ಕದಲ್ಲಿದ್ದು ಗೊಂದಲವಾದರೆ ದೋಣಿ ನೋಡಿ, ಮತ್ತೆ ಸಂಶಯ ಉಳಿಯುವುದಿಲ್ಲ.

ದೋಣಿಯನ್ನು ಸೂಜಿಯಿಂದ ಸೀಳಿದಾಗ ಇನ್ನೊಂದು ಸೊಗಸು ಕಾಣುತ್ತದೆ. ಹತ್ತು ಕೇಸರಗಳಲ್ಲಿ ಒಂಬತ್ತು ಬುಡದಲ್ಲಿ ಕೂಡಿ ಕೊಳವೆಯಾಗಿವೆ, ಹತ್ತನೆಯದು ಬೇರೆಯಾಗಿ ಮೇಲ್ಗಡೆ ನಿಂತಿದೆ. ಮಕರಂದ ಇರುವುದು ಆ ಕೊಳವೆಯ ತಳದಲ್ಲಿ. ಹತ್ತೂ ಬೆಸೆದುಕೊಂಡಿದ್ದರೆ ಜೇನಿನ ನಾಲಿಗೆಗೆ ದಾರಿಯೇ ಇರುತ್ತಿರಲಿಲ್ಲ. ಆ ಒಂಟಿ ಕೇಸರದ ಎರಡು ಪಕ್ಕದ ಸಂದಿಯೇ ಬಾಗಿಲು.

ದುಂಬಿ ಕೂತಾಗ ಏನಾಗುತ್ತದೆ

ಡಿಸೆಂಬರ್ ಬೆಳಗಿನಲ್ಲಿ, ಮಂಜು ಆರಿದ ಮೇಲೆ, ಅವರೆ ಬಳ್ಳಿಯ ಪಕ್ಕ ಹತ್ತು ನಿಮಿಷ ಸುಮ್ಮನೆ ಕೂತು ನೋಡಿ. ಕಪ್ಪಗೆ ದಪ್ಪಗಿರುವ ಬಡಗಿ ದುಂಬಿ ಗುಂಯ್ ಎನ್ನುತ್ತ ಬಂದು ರೆಕ್ಕೆಯ ಮೇಲೆ ಇಳಿಯುತ್ತದೆ. ಹೂವಿನ ತೊಟ್ಟು ಅದರ ಭಾರಕ್ಕೆ ಬಾಗುತ್ತದೆ. ದುಂಬಿ ತಲೆಯನ್ನು ಧ್ವಜಕ್ಕೆ ಒತ್ತಿ, ಹಿಂಗಾಲುಗಳಿಂದ ರೆಕ್ಕೆಯನ್ನು ತುಳಿಯುತ್ತದೆ. ರೆಕ್ಕೆಯ ಜೊತೆ ದೋಣಿ ಇಳಿಯುತ್ತದೆ, ಎಳೆಕಾಯಿಯಿಂದ ಶಲಾಕಾಗ್ರದವರೆಗೆ ಚಾಚಿದ ಗಟ್ಟಿ ಕಡ್ಡಿ, ಅಂದರೆ ಶಲಾಕೆ, ಮಾತ್ರ ಇದ್ದಲ್ಲೇ ನಿಂತು ದೋಣಿಯ ಮೂತಿಯಿಂದ ಹೊರಗೆ ಇಣುಕುತ್ತದೆ. ಅವರೆಯ ಶಲಾಕೆಯ ತುದಿಯ ಹತ್ತಿರ ಹಲ್ಲುಜ್ಜುವ ಬ್ರಷ್ಷಿನಂತೆ ಕೂದಲಿದೆ. ಕೇಸರಗಳು ಮೊದಲೇ ಒಡೆದು ಆ ಕೂದಲಿಗೆ ಪರಾಗ ಮೆತ್ತಿರುತ್ತವೆ. ಬ್ರಷ್ ದುಂಬಿಯ ಮೈಯನ್ನು ಒಮ್ಮೆ ಗುಡಿಸಿ, ತನ್ನ ಪರಾಗ ಬಳಿದು, ಅದು ಹಿಂದಿನ ಹೂವಿನಿಂದ ತಂದದ್ದನ್ನು ತುದಿಗೆ ಅಂಟಿಸಿಕೊಳ್ಳುತ್ತದೆ. ದುಂಬಿ ಹಾರಿದೊಡನೆ ದೋಣಿ ಮೇಲೆದ್ದು ಮುಚ್ಚಿಕೊಳ್ಳುತ್ತದೆ. ಮುಂದಿನ ಅತಿಥಿಗೆ ಮತ್ತೆ ತೆರೆಯುತ್ತದೆ.

ಇದೊಂದೇ ರೀತಿಯಲ್ಲ. ಇಟಲಿಯ ಸಸ್ಯವಿಜ್ಞಾನಿ ಫೆಡೆರಿಕೊ ಡೆಲ್ಪಿನೊ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ಹೂಗಳ ತಂತ್ರವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ. ಬ್ರಷ್ಷಿನದು ಒಂದು. ದೋಣಿ ಸರಳವಾಗಿ ಕೆಳಗಿಳಿದು ಕೇಸರಗಳೇ ಹೊರಗೆ ಬರುವುದು ಇನ್ನೊಂದು. ಉಳಿದೆರಡು ಪಂಪು ಮತ್ತು ಸಿಡಿತ. ನಮ್ಮ ತೋಟದ ಲೆಕ್ಕಕ್ಕೆ ಮುಖ್ಯವಾದವು ಇವೆರಡೇ, ಏಕೆಂದರೆ ಕಾಯಿ ಕಚ್ಚದ ತೊಂದರೆ ನಿಜವಾಗಿ ಹೂವಿನಲ್ಲೇ ಇರುವುದು ಬಹುಮಟ್ಟಿಗೆ ಈ ಹೂಗಳಲ್ಲಿ.

ಪಂಪು ನೋಡಬೇಕಾದರೆ ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬಿನ ಹೊಲಕ್ಕೆ ಹೋಗಿ. ದೊಡ್ಡ ಹಳದಿ ಹೂವಿನ ರೆಕ್ಕೆಗಳೆರಡನ್ನೂ ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ಮೆಲ್ಲಗೆ ಕೆಳಗೆ ಒತ್ತಿ. ದೋಣಿಯ ಚೂಪು ಮೂತಿಯ ತೂತಿನಿಂದ ಪೇಸ್ಟ್ ಟ್ಯೂಬಿನಿಂದ ಬಂದಂತೆ ಪರಾಗದ ಎಳೆಯೊಂದು ಹೊರಬರುತ್ತದೆ. ನಾನು ಇದನ್ನು ಮೊದಲ ಸಲ ಕಂಡಾಗ ಸಾಲಿನುದ್ದಕ್ಕೂ ಒಂದಾದ ಮೇಲೊಂದು ಹೂ ಒತ್ತಿ ನೋಡಿದೆ. ಉಗುರಿಗೆಲ್ಲ ಹಳದಿ ಹುಡಿ. ಸೆಣಬಿಗೆ ಇಷ್ಟು ಒತ್ತಡ ಕೊಡಬಲ್ಲದ್ದು ಬಡಗಿ ದುಂಬಿಯಂಥ ದೊಡ್ಡ ಮೈಯ ಜೇನುಗಳು. ಶಲಾಕಾಗ್ರದ ಮೇಲ್ಮೈ ಉಜ್ಜಿಸಿಕೊಂಡರೇನೇ ಅದು ಪರಾಗ ಸ್ವೀಕರಿಸಲು ಸಿದ್ಧವಾಗುವುದು. ದುಂಬಿ ಇಲ್ಲದ ಕಡೆ ಸೆಣಬು ಹೊಲ ತುಂಬ ಹೂ ಬಿಟ್ಟು ಕಾಯಿ ಕೊಡದೆ ನಿಲ್ಲುವುದು ಇದಕ್ಕೇ.

ಸಿಡಿತಕ್ಕೆ ಉದಾಹರಣೆ ಮೇವಿನ ಲೂಸರ್ನ್. ಇದರಲ್ಲಿ ಕೇಸರ ಮತ್ತು ಶಲಾಕೆಯ ಕಂಬ ದೋಣಿಯೊಳಗೆ ಬಿಲ್ಲಿನಂತೆ ಬಿಗಿದುಕೊಂಡಿರುತ್ತದೆ. ದೋಣಿ ಬಿಟ್ಟುಕೊಂಡೊಡನೆ ಫಟ್ಟನೆ ಎದ್ದು ಧ್ವಜಕ್ಕೆ ಬಡಿಯುತ್ತದೆ, ಮತ್ತೆ ಒಳಗೆ ಹೋಗುವುದಿಲ್ಲ. ಒಂದು ಹೂವಿಗೆ ಒಂದೇ ಅವಕಾಶ. ಈ ಏಟು ತಲೆಗೆ ಬೀಳುವುದು ಜೇನಿಗೆ ಹಿಡಿಸುವುದಿಲ್ಲ. ಕೆಲವು ದಿನಗಳಲ್ಲೇ ಅದು ಪಕ್ಕದಿಂದ ನಾಲಿಗೆ ತೂರಿಸಿ, ಹೂ ಸಿಡಿಯದ ಹಾಗೆ ಮಕರಂದ ಕುಡಿಯಲು ಕಲಿಯುತ್ತದೆ. ಅಮೆರಿಕದಲ್ಲಿ ಲೂಸರ್ನ್ ಬೀಜ ಬೆಳೆಯುವವರು ಅದಕ್ಕೆಂದೇ ಎಲೆ ಕತ್ತರಿಸುವ ಜೇನುಗಳನ್ನು ಸಾಕುತ್ತಾರೆ.

ಬಾಗಿಲು ಮುಚ್ಚಿಕೊಂಡೇ ಮದುವೆ

ಇಷ್ಟು ಓದಿ "ಹಾಗಾದರೆ ನನ್ನ ಅಲಸಂದೆಗೂ ದುಂಬಿ ಬರಲೇಬೇಕು" ಎಂದುಕೊಳ್ಳಬೇಡಿ. ನಮ್ಮ ಅಡುಗೆಮನೆಯ ಬಹುಪಾಲು ಕಾಳುಗಳು ದೋಣಿ ತೆರೆಯುವ ಮೊದಲೇ ಒಳಗೇ ಕೆಲಸ ಮುಗಿಸಿಕೊಳ್ಳುತ್ತವೆ. ಕಡಲೆ, ಬಟಾಣಿ, ಶೇಂಗಾ, ಅಲಸಂದೆ, ಬೀನ್ಸ್ ಹೀಗೆ. ಗ್ರೆಗರ್ ಮೆಂಡೆಲ್ ತನ್ನ ಪ್ರಯೋಗಕ್ಕೆ ಬಟಾಣಿ ಆರಿಸಿಕೊಂಡದ್ದಕ್ಕೆ ಒಂದು ಕಾರಣ ಈ ದೋಣಿಯೇ. ಕೇಸರಗಳನ್ನು ಅದು ಬಿಗಿಯಾಗಿ ಮುಚ್ಚಿಕೊಂಡಿರುವುದರಿಂದ ಹೊರಗಿನ ಪರಾಗ ನುಸುಳುವ ಭಯ ಕಡಿಮೆ ಎಂದು 1866ರಲ್ಲಿ ಅಚ್ಚಾದ ತನ್ನ ಲೇಖನದಲ್ಲಿ ಆತ ಬರೆದಿದ್ದಾನೆ.

ಶೇಂಗಾ ಹೂವಂತೂ ಸೂರ್ಯ ಹುಟ್ಟುವ ಹೊತ್ತಿಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ನಾವು ತೊಟ್ಟು ಎಂದುಕೊಳ್ಳುವುದು ಅಲ್ಲಿ ತೊಟ್ಟಲ್ಲ, ಹೂವಿನದೇ ಉದ್ದನೆಯ ಕೊಳವೆ. ಎಳೆಕಾಯಿ ಇರುವುದು ಅದರ ಬುಡದಲ್ಲಿ, ಎಲೆಯ ಕಂಕುಳಲ್ಲಿ. ದಳ ಬಾಡಿ ಕೊಳವೆ ಒಣಗಿದ ಮೇಲೆ ಸೂಜಿಯಂಥ ಮೊಳೆ ಹೊರಟು ಮಣ್ಣಿಗಿಳಿಯುತ್ತದೆ. ಹೊಸಬರು "ಹೂ ಎಲ್ಲ ಒಣಗಿಹೋಯಿತು" ಎಂದು ಗಾಬರಿಯಾಗುವ ಹೊತ್ತಿನಲ್ಲೇ ಕಾಯಿ ಕೆಳಗಿಳಿಯುತ್ತಿರುತ್ತದೆ.

ಅವರೆ ಮತ್ತು ತೊಗರಿ ನಡುವಿನವು. ತಮ್ಮ ಪರಾಗದಿಂದಲೇ ಕಾಯಿ ಕಟ್ಟಬಲ್ಲವು, ಆದರೆ ದುಂಬಿಗೆ ಬಾಗಿಲನ್ನೂ ತೆರೆದಿಟ್ಟಿರುತ್ತವೆ. ತೊಗರಿಯಲ್ಲಿ ಹೊರಗಿನ ಪರಾಗ ಬೆರೆಯುವುದು ಎಷ್ಟು ಸಾಮಾನ್ಯವೆಂದರೆ, ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ಅದನ್ನೇ ಬಳಸಿಕೊಂಡು 1991ರಲ್ಲಿ ಐಸಿಪಿಎಚ್-8 ಎಂಬ ಸಂಕರ ತೊಗರಿಯನ್ನು ಹೊರತಂದಿತು. ಪರಾಗವಿಲ್ಲದ ಗಿಡದ ಸಾಲಿಗೆ ಪರಾಗ ಸಾಗಿಸುವ ಕೆಲಸ ಅಲ್ಲಿ ಜೇನುಗಳದು.

ಐದು ನಿಮಿಷದ ಪರೀಕ್ಷೆ

1. ಬೆಳಗ್ಗೆ, ಅಂದೇ ಅರಳಿದ ಹೂವನ್ನು ಆರಿಸಿ. ಅಲಸಂದೆ ಹೂ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ, ಸಂಜೆ ನೋಡಿ ಪ್ರಯೋಜನವಿಲ್ಲ.

2. ಹೂ ಕೀಳದೆ, ಎಡಗೈಯಲ್ಲಿ ತೊಟ್ಟು ಹಿಡಿದು, ಬಲಗೈ ಬೆರಳ ತುದಿಯಿಂದ ಎರಡು ರೆಕ್ಕೆಯನ್ನೂ ಒಟ್ಟಿಗೆ ಕೆಳಕ್ಕೆ ಒತ್ತಿ. ಜೇನಿನ ತೂಕ ನೆನಪಿರಲಿ, ಕರೆಗಂಟೆ ಒತ್ತಿದಂತೆ ಒತ್ತಬೇಡಿ.

3. ಏನು ಹೊರಬಂತು ನೋಡಿ. ಹುಡಿ ಮೆತ್ತಿದ ಶಲಾಕೆ ಬಂದು, ಬಿಟ್ಟಾಗ ಒಳಗೆ ಹೋದರೆ ಹೂ ಆರೋಗ್ಯವಾಗಿದೆ, ಪರಾಗವೂ ಇದೆ. ಎಳೆಯಂತೆ ಪರಾಗ ಬಂದರೆ ಪಂಪು ಹೂ, ಅದಕ್ಕೆ ದೊಡ್ಡ ದುಂಬಿ ಬೇಕು. ಸಿಡಿದು ಅಲ್ಲೇ ನಿಂತರೆ ಸಿಡಿತದ ಹೂ. ಶಲಾಕೆ ಬಂದರೂ ಹುಡಿಯೇ ಇಲ್ಲವೆಂದರೆ ಇನ್ನೊಂದಿಷ್ಟು ಹೂ ಒತ್ತಿ ನೋಡಿ. ಎಲ್ಲವೂ ಹಾಗೇ ಇದ್ದರೆ ಸೆಖೆಗೆ ಕೇಸರ ಒಡೆಯದೇ ಇರಬಹುದು, ಅಥವಾ ಒಳಗೆ ನುಸಿ ಸೇರಿರಬಹುದು. ಹೂವನ್ನು ಬಿಳಿ ಹಾಳೆಯ ಮೇಲೆ ಕೊಡವಿದರೆ ದಾರದ ಚೂರಿನಂಥ ಸಣ್ಣ ಹುಳುಗಳು ಓಡಾಡುವುದು ಕಾಣುತ್ತದೆ.

4. ಹೂವಿನ ಬುಡದಲ್ಲಿ ಸೀಳು ಇದೆಯೇ ನೋಡಿ. ಬಡಗಿ ದುಂಬಿ ಕೆಲವೊಮ್ಮೆ ರೆಕ್ಕೆಯ ಮೇಲೆ ಕೂರದೆ ಬುಡ ಸೀಳಿ ಮಕರಂದ ಕದಿಯುತ್ತದೆ. ಹಾಗಾದಾಗ ದುಂಬಿ ಬಂದರೂ ಪರಾಗ ಸಾಗುವುದಿಲ್ಲ.

5. ಇನ್ನು ನಿಜವಾದ ಪರೀಕ್ಷೆ. ಒಂದೇ ಗಿಡದಲ್ಲಿ ಮೂರು ಗೊಂಚಲು ಆರಿಸಿ ಬೇರೆ ಬೇರೆ ಬಣ್ಣದ ದಾರ ಕಟ್ಟಿ. ಒಂದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಮೊಗ್ಗಿನಲ್ಲೇ ತೆಳು ಬಲೆಬಟ್ಟೆಯ ಚೀಲ ಹಾಕಿ. ಮೂರನೆಯದಕ್ಕೂ ಚೀಲ ಹಾಕಿ, ದಿನವೂ ಬೆಳಗ್ಗೆ ತೆಗೆದು ಅರಳಿದ ಹೂವಿನ ರೆಕ್ಕೆ ಒತ್ತಿ ಮತ್ತೆ ಮುಚ್ಚಿ. ಹತ್ತು ಹನ್ನೆರಡು ದಿನ ಬಿಟ್ಟು ಕಾಯಿ ಎಣಿಸಿ. ಮೂರರಲ್ಲೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ ನಿಮ್ಮ ಗಿಡಕ್ಕೆ ದುಂಬಿಯ ಕೊರತೆಯಿಲ್ಲ, ಬೇರೆ ಕಡೆ ಹುಡುಕಿ. ಎರಡನೆಯದು ಖಾಲಿಯಾಗಿ ಉಳಿದೆರಡು ತುಂಬಿದ್ದರೆ ದುಂಬಿ ಬೇಕು, ಅದು ಬರುತ್ತಲೂ ಇದೆ. ಮೂರನೆಯದು ಮಾತ್ರ ತುಂಬಿದ್ದರೆ ದುಂಬಿ ಬರುತ್ತಿಲ್ಲ. ಮೂರೂ ಖಾಲಿಯಾದರೆ ದೋಷ ಹೂವಿನ ಹೊರಗಿದೆ.

ಬೆರಳಿನಿಂದ ಸಹಾಯ, ದುಂಬಿಗೆ ಆಹ್ವಾನ

ಹತ್ತಿಪ್ಪತ್ತು ಗಿಡದವರೆಗೆ ಬೆರಳೇ ಸಾಕು. ಬೆಳಗ್ಗೆ ನೀರು ಹಾಕುವ ಮೊದಲು, ಅರಳಿದ ಹೂವಿನ ರೆಕ್ಕೆಯನ್ನು ಎರಡು ಮೂರು ಸಲ ಒತ್ತಿಬಿಟ್ಟರೆ ಆಯಿತು. ಸೆಣಬನ್ನು ಬೀಜಕ್ಕೆ ಬಿಟ್ಟಿದ್ದರೆ ಬೆರಳಿನ ಮೇಲೆ ಬಂದ ಪರಾಗವನ್ನು ಇನ್ನೊಂದು ಗಿಡದ ಹೂವಿನ ತುದಿಗೆ ಉಜ್ಜಿ.

ಆದರೆ ನನ್ನ ಒಲವು ದುಂಬಿಯನ್ನು ಕರೆಯುವುದರ ಕಡೆಗೇ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ನಮ್ಮ ಹಿರಿಯರು ಅವರೆ, ತೊಗರಿ, ಅಲಸಂದೆಯ ಜೊತೆ ಹುಚ್ಚೆಳ್ಳು ಸೇರಿಸುತ್ತಿದ್ದರು. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಮುತ್ತುತ್ತದೆ, ಬಂದದ್ದು ಪಕ್ಕದ ಸಾಲನ್ನೂ ಮುಟ್ಟಿ ಹೋಗುತ್ತದೆ. ಮಹಡಿಯ ಮೇಲೂ ಒಂದು ಕುಂಡದಲ್ಲಿ ಹುಚ್ಚೆಳ್ಳು, ಒಂದರಲ್ಲಿ ತುಳಸಿ ಅಥವಾ ಕಾಮಕಸ್ತೂರಿ ಹೂವಿಗೆ ಬಿಡಿ. ಮೂಲೆಯಲ್ಲಿ ಒಣ ಬಿದಿರಿನ ತುಂಡುಗಳನ್ನು ಕಟ್ಟಿಡಿ, ಬಡಗಿ ದುಂಬಿ ಗೂಡು ಮಾಡುವುದು ಅಂಥ ಕಡೆ. ಗುಲಾಬಿ ಎಲೆಯ ಅಂಚಿನಲ್ಲಿ ಯಾರೋ ಕತ್ತರಿಯಲ್ಲಿ ಕೊರೆದಂತೆ ದುಂಡನೆಯ ಗುರುತು ಕಂಡರೆ ಔಷಧಿ ಹುಡುಕಬೇಡಿ. ಎಲೆ ಕತ್ತರಿಸುವ ಜೇನು ಗೂಡಿಗೆ ಹಾಸಲು ಒಯ್ದದ್ದು ಅದು. ತೊಗರಿ ಹೂವಿಗೆ ಅದಕ್ಕಿಂತ ಒಳ್ಳೆಯ ಕೆಲಸಗಾರ ಸಿಗುವುದು ಕಷ್ಟ.

ದುಂಬಿ ಇದ್ದೂ ಕಾಯಿಲ್ಲವಾದರೆ

ಮೊದಲು ಸಮಾಧಾನ ಮಾಡಿಕೊಳ್ಳಬೇಕಾದ ಮಾತು: ಈ ಗಿಡಗಳು ಬಿಟ್ಟ ಹೂವೆಲ್ಲ ಕಾಯಾಗುವುದಿಲ್ಲ, ಆಗಲೂ ಬಾರದು. ತೊಗರಿಯಲ್ಲಂತೂ ಹೂವಿನ ಬಹುಪಾಲು ಉದುರುವುದೇ ಸಹಜ. ಗಿಡ ತಾನು ಸಾಕಬಲ್ಲಷ್ಟನ್ನು ಇಟ್ಟುಕೊಳ್ಳುತ್ತದೆ.

ಅದಕ್ಕೂ ಮೀರಿ ಉದುರುತ್ತಿದ್ದರೆ ಬಿಸಿಲು ನೋಡಿ. ಹಗಲಿನ ಉಷ್ಣತೆ 30–32 ಡಿಗ್ರಿ ದಾಟಿದರೆ ಬೀನ್ಸ್ ಹೂ ನಿಲ್ಲುವುದು ಕಷ್ಟ. ಅಲಸಂದೆ ಹಗಲಿನ ಬಿಸಿಲಿಗೆ ಜಗ್ಗುವುದಿಲ್ಲ, ರಾತ್ರಿಯ ಸೆಖೆಗೆ ಸೋಲುತ್ತದೆ. ಸಾರಜನಕ ಹೆಚ್ಚಾದರೆ, ಅಂದರೆ ಯೂರಿಯಾ ಅಥವಾ ಹಸಿ ಗೊಬ್ಬರ ಮೇಲಿಂದ ಮೇಲೆ ಬಿದ್ದರೆ, ಬಳ್ಳಿ ಎಲೆಯಲ್ಲೇ ಸೊಕ್ಕುತ್ತದೆ. ಹೂ ಬಿಡುವಾಗ ಮಣ್ಣು ಒಮ್ಮೆ ಒಣಗಿ ಒಮ್ಮೆ ಕೆಸರಾಗುವುದು ಕುಂಡದ ಗಿಡಗಳಿಗೆ ದೊಡ್ಡ ಶತ್ರು.

ಅವರೆ ಹೂವೇ ಬಿಡುತ್ತಿಲ್ಲ ಎನ್ನುವವರು ಬಿತ್ತಿದ ತಿಂಗಳು ನೆನಪಿಸಿಕೊಳ್ಳಿ. ನಾಟಿ ಅವರೆ ಹಗಲು ಕುಗ್ಗಿದ ಮೇಲಷ್ಟೇ ಹೂವಾಡುವ ಬಳ್ಳಿ. ಮಾರ್ಚಿನಲ್ಲಿ ಬಿತ್ತಿದರೆ ಚಳಿಗಾಲದ ಹೊಸ್ತಿಲವರೆಗೆ ಬರೀ ಹಬ್ಬುತ್ತದೆ. ವರ್ಷವಿಡೀ ಬೇಕಾದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಚ್‌ಎ-3, ಎಚ್‌ಎ-4ರಂಥ ಹೆಬ್ಬಾಳ ಅವರೆ ತಳಿಗಳನ್ನು ಹಾಕಿ, ಅವಕ್ಕೆ ಹಗಲಿನ ಉದ್ದದ ಹಂಗಿಲ್ಲ.

ಸಾಮಾನ್ಯ ತಪ್ಪುಗಳು

ಕುಂಬಳ, ಹೀರೆಗೆ ಮಾಡಿದಂತೆ ಬ್ರಷ್ ಹಿಡಿದು ಹೂವಿನ ಬಾಯಿಗೆ ಸವರುವುದು. ಇಲ್ಲಿ ಗಂಡು ಹೂ ಹೆಣ್ಣು ಹೂ ಬೇರೆಯಿಲ್ಲ, ಬೇಕಾದದ್ದೆಲ್ಲ ಮುಚ್ಚಿದ ದೋಣಿಯೊಳಗಿದೆ. ಬ್ರಷ್ ಸವರಿದಷ್ಟೂ ಧ್ವಜಕ್ಕೆ ಗುಡಿಸಿದಂತಾಯಿತು ಅಷ್ಟೆ.

ದೋಣಿಯನ್ನು ಉಗುರಿನಿಂದ ಬಿಡಿಸಿ "ತೆರೆದುಕೊಡುವುದು". ಹರಿದ ದೋಣಿ ಮತ್ತೆ ಮುಚ್ಚುವುದಿಲ್ಲ, ಶಲಾಕೆ ಒಣಗುತ್ತದೆ.

ಅಲಸಂದೆ ಹೂಗೊಂಚಲಲ್ಲಿ ಇರುವೆ ಕಂಡೊಡನೆ ಪುಡಿ ಎರಚುವುದು. ಆ ಗೊಂಚಲಿನಲ್ಲಿ ಹೂವಿನ ಹೊರಗೇ ಮಕರಂದ ಒಸರುವ ಗ್ರಂಥಿಗಳಿವೆ. ಇರುವೆ ಬರುವುದು ಅದಕ್ಕೆ, ಬಂದದ್ದು ಸಣ್ಣ ಪುಟ್ಟ ಹುಳುಗಳನ್ನೂ ಓಡಿಸುತ್ತದೆ. ಹೇನು ಇದ್ದು ಇರುವೆ ಅದನ್ನು ಸಾಕುತ್ತಿದ್ದರೆ ಮಾತು ಬೇರೆ, ಹತ್ತಿರದಿಂದ ನೋಡಿ ತೀರ್ಮಾನಿಸಿ.

ಶಂಖಪುಷ್ಪವನ್ನು ಇದೇ ಲೆಕ್ಕದಲ್ಲಿ ಒತ್ತಿ "ಏನೂ ಬರಲಿಲ್ಲ" ಎನ್ನುವುದು. ಅದು ತಲೆಕೆಳಗಾದ ಹೂವು. ಧ್ವಜ ಕೆಳಗಿದೆ, ದುಂಬಿ ಅದರ ಮೇಲೇ ಇಳಿದು ಒಳಗೆ ನುಗ್ಗುತ್ತದೆ. ರೆಕ್ಕೆ ದೋಣಿಗಳು ಮೇಲಿನಿಂದ ಅದರ ಬೆನ್ನಿಗೆ ಪರಾಗ ಬಳಿಯುತ್ತವೆ. ಸುತ್ತುದಳದ ಶಂಖಪುಷ್ಪದಲ್ಲಿ ಐದೂ ದಳ ಧ್ವಜದಂತೆಯೇ ಅಗಲವಾಗಿವೆ. ಅದೂ ಕಾಯಿ ಕಟ್ಟುತ್ತದೆ, ಬೀಜ ಎತ್ತಿಡಬಹುದು.

ಒಣಗಿದ ದಳ ಎಳೆಕಾಯಿಯ ತುದಿಗೆ ಅಂಟಿಕೊಂಡಿದ್ದರೆ ಬಿಡುವುದೋ ತೆಗೆಯುವುದೋ ಎಂದು ಕೆಲವರು ಕೇಳುತ್ತಾರೆ. ಒಣ ಹವೆಯಲ್ಲಿ ಬಿಡಿ, ತಾನೇ ಬೀಳುತ್ತದೆ. ಜಡಿಮಳೆ ಹಿಡಿದಾಗ ಆ ಒದ್ದೆ ದಳದಲ್ಲೇ ಬೂಷ್ಟು ಮೊದಲು ಹುಟ್ಟುವುದರಿಂದ ಮೆಲ್ಲಗೆ ಜಾರಿಸಿ ತೆಗೆಯಿರಿ.

ಎಚ್ಚರಿಕೆ

ಹೂ ಅರಳಿರುವ ಹೊತ್ತಿನಲ್ಲಿ ಬೇವಿನೆಣ್ಣೆ ಸೇರಿದಂತೆ ಏನನ್ನೂ ಸಿಂಪಡಿಸಬೇಡಿ. ಅನಿವಾರ್ಯವಾದರೆ ಸಂಜೆ, ಜೇನಿನ ಓಡಾಟ ನಿಂತ ಮೇಲೆ.

ತೊಗರಿ, ಅಲಸಂದೆಯ ದಳಗಳನ್ನು ಕಚ್ಚಿ ತಿನ್ನುವ, ಕಪ್ಪು ಮೈಮೇಲೆ ಕೆಂಪು ಅಥವಾ ಕಿತ್ತಳೆ ಪಟ್ಟೆಯ ದುಂಬಿಗಳು ಕಂಡರೆ ಬರಿಗೈಯಲ್ಲಿ ಹೊಸಕಬೇಡಿ. ಅವುಗಳ ಮೈಯ ದ್ರವ ತಾಗಿದರೆ ಚರ್ಮ ಬೊಕ್ಕೆ ಏಳುತ್ತದೆ. ಕೈಗವಸು ಹಾಕಿಕೊಂಡು ಸೋಪಿನ ನೀರಿನ ಡಬ್ಬಕ್ಕೆ ಕೆಡವಿ. ಪರಾಗ ಸಾಗಿಸುವ ಬಡಗಿ ದುಂಬಿಯನ್ನು ಇದರ ಜೊತೆ ಸೇರಿಸಿ ಕೊಲ್ಲಬೇಡಿ.

ಅಗಸೆ ಮರದ ದೊಡ್ಡ ಬಿಳಿ ಹೂ ಪಲ್ಯಕ್ಕೆ ಆಗುತ್ತದೆ, ನಡುವಿನ ಕೇಸರ ಶಲಾಕೆಯ ಗುಚ್ಛ ಕಹಿ, ಅದನ್ನು ಕಿತ್ತು ಹಾಕಿ. ಹಾಗೆಂದು ಚಿಟ್ಟೆಯಾಕಾರದ ಹೂವೆಲ್ಲ ತಿನ್ನುವಂಥದ್ದಲ್ಲ. ಸೆಣಬಿನ ಜಾತಿಯ ಗಿಡಗಳು, ಗುಲಗಂಜಿ, ಅಲಂಕಾರಕ್ಕೆ ಬೆಳೆಸುವ ಸ್ವೀಟ್ ಪೀ ಇವುಗಳಲ್ಲಿ ವಿಷದ ಅಂಶಗಳಿವೆ. ಮಕ್ಕಳಿಗೆ ಹೂ ಬಿಡಿಸಿ ತೋರಿಸುವಾಗ ಮೊದಲು ಇದನ್ನು ಹೇಳಿ.

ಆಸಕ್ತರಿಗೆ: ನಿಮ್ಮದೇ ಒಂದು ಸಂಕರ

ದಳ ಬಿಡಿಸುವುದು ಕೈಗೆ ಬಂದ ಮೇಲೆ ಇದನ್ನು ಮಾಡದೆ ಬಿಡಬೇಡಿ. ಬಿಳಿ ಹೂವಿನ ಅವರೆ ಒಂದು, ನೇರಳೆ ಹೂವಿನದು ಒಂದು ಬೇಕು. ಎರಡೂ ತಮ್ಮ ಬಣ್ಣವನ್ನೇ ಬಿಡುತ್ತ ಬಂದ ಬೀಜದವಾಗಿರಲಿ.

1. ಸಂಜೆ, ಬಿಳಿ ಬಳ್ಳಿಯಲ್ಲಿ ನಾಳೆ ಅರಳುವ ಮೊಗ್ಗನ್ನು ಆರಿಸಿ. ಮೊಗ್ಗು ದಪ್ಪಗಿರಬೇಕು, ಧ್ವಜ ಇನ್ನೂ ಬಿಚ್ಚಿರಬಾರದು. ಒಂದನ್ನು ಕಿತ್ತು ಬಿಡಿಸಿ ನೋಡಿ. ಕೇಸರ ಆಗಲೇ ಒಡೆದು ಹುಡಿ ಉದುರಿಸಿದ್ದರೆ ಅದಕ್ಕಿಂತ ಎಳೆಯ ಮೊಗ್ಗಿಗೆ ಹೋಗಿ.

2. ಗೊಂಚಲಿನ ಉಳಿದ ಹೂ ಮೊಗ್ಗುಗಳನ್ನು ಚಿವುಟಿ.

3. ಸೂಜಿಯಿಂದ ಧ್ವಜ ಹಿಂದಕ್ಕೆ ಸರಿಸಿ, ರೆಕ್ಕೆ ಬದಿಗೆ ತಳ್ಳಿ, ದೋಣಿಯನ್ನು ಮೇಲಂಚಿನಲ್ಲಿ ಸೀಳಿ. ಸಣ್ಣ ಚಿಮಟದಿಂದ ಕೇಸರಗಳ ತಲೆಗಳನ್ನು ಒಂದೊಂದಾಗಿ ತೆಗೆದು ಎಣಿಸಿ. ಹತ್ತು ಆಗಬೇಕು. ಒಂಬತ್ತಾದರೆ ಇನ್ನೊಂದು ಒಳಗೇ ಇದೆ.

4. ದಳಗಳನ್ನು ಮತ್ತೆ ಮುಚ್ಚಿ, ಬಟ್ಟೆಯ ಚೀಲ ಹಾಕಿ.

5. ಮರುದಿನ ಬೆಳಗ್ಗೆ ನೇರಳೆ ಬಳ್ಳಿಯ ಅರಳಿದ ಹೂ ತಂದು ರೆಕ್ಕೆ ಒತ್ತಿ, ಹೊರಬಂದ ಬ್ರಷ್ಷನ್ನೇ ಬಿಳಿ ಹೂವಿನ ಶಲಾಕಾಗ್ರಕ್ಕೆ ಮುಟ್ಟಿಸಿ. ಮತ್ತೆ ಚೀಲ, ತೊಟ್ಟಿಗೆ ಬಣ್ಣದ ದಾರ, ಚೀಟಿಯ ಮೇಲೆ ತಾರೀಖು.

ಹತ್ತು ಮಾಡಿದರೆ ಹೆಚ್ಚಿನವು ಉದುರುತ್ತವೆ, ಆದ್ದರಿಂದ ಇಪ್ಪತ್ತು ಮಾಡಿ. ವಾರದೊಳಗೆ ಬಾಡಿದ ಬಿಳಿ ದಳದ ನಡುವೆ ಹಸಿರು ಕಾಯಿ ಇಣುಕಿದರೆ ಚೀಲ ತೆಗೆದು ಒಣಗುವವರೆಗೆ ಬಿಡಿ. ಅವರೆಯಲ್ಲಿ ನೇರಳೆ ಬಣ್ಣ ಬಿಳಿಯನ್ನು ಮುಚ್ಚುತ್ತದೆ. ಮುಂದಿನ ಆಷಾಢದಲ್ಲಿ ಆ ಬೀಜ ಬಿತ್ತಿ, ಚಳಿಗಾಲದಲ್ಲಿ ಮೊದಲ ಮೊಗ್ಗು ಬಿಚ್ಚುವ ದಿನ ಕಾದು ನೋಡಿ. ಬಿಳಿ ಅವರೆಯ ಹೊಟ್ಟೆಯಲ್ಲಿ ಹುಟ್ಟಿದ ಬಳ್ಳಿಯಲ್ಲಿ ಧ್ವಜ ನೇರಳೆಯಾಗಿ ಎದ್ದರೆ ಆ ಸಂಜೆ ನಿಮ್ಮ ಚಿಮಟ ಕೇಸರಗಳನ್ನು ಸರಿಯಾಗಿ ಎಣಿಸಿತ್ತು, ಬಿಳಿಯಾಗಿಯೇ ಎದ್ದರೆ ಒಂದು ಕೇಸರ ಒಳಗೆ ಉಳಿದಿತ್ತು.